ಬಾಡಿಗೆ ಸರ್ವರ್: ಇಮೇಜ್ ನಿರ್ವಹಣೆ ಮತ್ತು ಗಾತ್ರ ಬದಲಾವಣೆ

ಲೆಕ್ಕಪತ್ರ, ದಾಸ್ತಾನು ಮತ್ತು ಬಿಲ್ಲಿಂಗ್ ತಂತ್ರಾಂಶಗಳನ್ನು ಕಚೇರಿಯ ಗಣಕಯಂತ್ರದಿಂದ ತೆಗೆದು ಕ್ಲೌಡ್ ಸರ್ವರಿಗೆ ಸಾಗಿಸುವ ಪರಿಪಾಠವು ಈಗ ಸಣ್ಣ ಉದ್ದಿಮೆಗಳಲ್ಲಿಯೂ ಕಂಡುಬರುತ್ತಿದೆ. ಯುಪಿಎಸ್ ಬ್ಯಾಟರಿ ಬದಲಿಸುವ ಖರ್ಚಿಲ್ಲ. ಶಾಖೆಯಲ್ಲಿರುವವರೂ ಗೋದಾಮಿನಲ್ಲಿರುವವರೂ ಒಂದೇ ಖಾತೆಯಲ್ಲಿ ನಮೂದು ಮಾಡಬಹುದು. ಆದರೆ ಸರ್ವರನ್ನು ಬಾಡಿಗೆಗೆ ಪಡೆದ ನಂತರ ಅದರ ಉಸ್ತುವಾರಿಯನ್ನು ಹೊರಗಿನ ತಂತ್ರಜ್ಞರೊಬ್ಬರಿಗೆ ಒಪ್ಪಿಸಿ, ಮಾಲೀಕರು ತಿಂಗಳ ಬಿಲ್ಲನ್ನು ಪಾವತಿಸುವುದಕ್ಕಷ್ಟೇ ಸೀಮಿತರಾಗುವುದು ಹಲವೆಡೆ ರೂಢಿಯಾಗಿದೆ. ಇದರಿಂದ ಎರಡು ಬಗೆಯ ನಷ್ಟ ಸಂಭವಿಸುತ್ತದೆ. ಅಗತ್ಯವಿಲ್ಲದ ದೊಡ್ಡ ಗಾತ್ರಕ್ಕೆ ವರ್ಷವಿಡೀ ಹಣ ತೆರುವುದು ಒಂದು. ಸರ್ವರ್ ಕೆಟ್ಟ ದಿನ ಹಿಂದಿನ ಸ್ಥಿತಿಗೆ ಮರಳಲು ಏನೂ ಉಳಿಯದಿರುವುದು ಇನ್ನೊಂದು. ಬಾಡಿಗೆಗೆ ಪಡೆದ ಯಂತ್ರ ಬೇರೆ, ಅದರಲ್ಲಿ ಅಣಿಗೊಳಿಸಿದ ವ್ಯವಸ್ಥೆಯ ಪ್ರತಿ ಬೇರೆ ಎಂಬುದನ್ನು ಅರಿತು ಎರಡನ್ನೂ ಪ್ರತ್ಯೇಕವಾಗಿ ನೋಡಿಕೊಂಡಲ್ಲಿ ಈ ಎರಡು ನಷ್ಟಗಳನ್ನೂ ಬಹುಮಟ್ಟಿಗೆ ತಪ್ಪಿಸಬಹುದು.

ಇಮೇಜ್ ಎಂದರೇನು?

ಎರಕದ ಉದ್ದಿಮೆಯವರಿಗೆ ಈ ಕಲ್ಪನೆ ಹೊಸದಲ್ಲ. ಕುಲುಮೆ ಬದಲಾದರೂ, ಕೆಲಸಗಾರರು ಬದಲಾದರೂ, ಪ್ಯಾಟರ್ನ್ ಕೈಯಲ್ಲಿದ್ದರೆ ಅದೇ ಎರಕವನ್ನು ಮತ್ತೆ ತೆಗೆಯಬಹುದು. ಸರ್ವರ್ ಇಮೇಜ್ ಅಂತಹ ಪ್ಯಾಟರ್ನ್. ಕಾರ್ಯಾಚರಣ ವ್ಯವಸ್ಥೆ, ಅದರ ಮೇಲೆ ಸ್ಥಾಪಿಸಿದ ತಂತ್ರಾಂಶಗಳು, ಬಳಕೆದಾರರ ಹೆಸರುಗಳು, ಮುದ್ರಕದ ಹೊಂದಾಣಿಕೆಗಳು, ಆ ಕ್ಷಣದವರೆಗಿನ ದತ್ತಾಂಶ ಎಲ್ಲವೂ ಅದರಲ್ಲಿ ಅಡಕವಾಗಿರುತ್ತವೆ. ಇಮೇಜಿನಿಂದ ಹೊಸ ಯಂತ್ರವೊಂದನ್ನು ಆರಂಭಿಸಿದರೆ ಹಳೆಯ ಸರ್ವರಿನ ಪ್ರತಿರೂಪವೇ ದೊರೆಯುತ್ತದೆ. ಇದರೊಂದಿಗೆ ಬಳಕೆಯಾಗುವ ಇನ್ನೊಂದು ಪದ ಸ್ನ್ಯಾಪ್‌ಶಾಟ್. ಅದು ಒಂದು ಡಿಸ್ಕಿನ ಆ ಕ್ಷಣದ ಪ್ರತಿ ಮಾತ್ರ. ಅಂತಹ ಪ್ರತಿಗಳಿಗೆ ಯಂತ್ರವನ್ನು ಆರಂಭಿಸಲು ಬೇಕಾದ ವಿವರಗಳನ್ನು ಸೇರಿಸಿದಾಗ ಇಮೇಜ್ ಆಗುತ್ತದೆ.

ಯಂತ್ರ ಮತ್ತು ಡಿಸ್ಕ್ ಬೇರೆಬೇರೆಯಾಗಿರುವ ಸೌಲಭ್ಯವು ಮೊದಲಿನಿಂದಲೂ ಇದ್ದುದಲ್ಲ. ಅಮೆಜಾನ್ ಸಂಸ್ಥೆಯು 2006ರ ಆಗಸ್ಟ್‌ನಲ್ಲಿ ಇಸಿ2 ಎಂಬ ಬಾಡಿಗೆ ಸರ್ವರ್ ಸೇವೆಯನ್ನು ಪ್ರಾಯೋಗಿಕವಾಗಿ ಆರಂಭಿಸಿದಾಗ ದೊರೆಯುತ್ತಿದ್ದುದು ಒಂದೇ ಗಾತ್ರ. ಅದರ ಮೆಮೊರಿ 1.7 ಗಿಗಾಬೈಟ್, ಬಾಡಿಗೆ ಗಂಟೆಗೆ 10 ಅಮೆರಿಕನ್ ಸೆಂಟ್. ಯಂತ್ರವನ್ನು ಕೈಬಿಟ್ಟೊಡನೆ ಅದರ ಡಿಸ್ಕಿನಲ್ಲಿದ್ದ ಮಾಹಿತಿಯೂ ಹೋಗುತ್ತಿತ್ತು. 2008ರ ಆಗಸ್ಟ್‌ನಲ್ಲಿ ಪ್ರತ್ಯೇಕವಾಗಿ ಉಳಿಯುವ ಡಿಸ್ಕುಗಳು ಬಂದವು. 2009ರ ಡಿಸೆಂಬರ್‌ನಲ್ಲಿ ಅಂತಹ ಡಿಸ್ಕಿನಿಂದಲೇ ಯಂತ್ರವನ್ನು ಆರಂಭಿಸುವ ಅವಕಾಶ ದೊರೆಯಿತು. ಯಂತ್ರವನ್ನು ನಿಲ್ಲಿಸಿ, ಅದೇ ಡಿಸ್ಕನ್ನು ಬೇರೆ ಗಾತ್ರದ ಯಂತ್ರಕ್ಕೆ ಜೋಡಿಸಿ ಮತ್ತೆ ಆರಂಭಿಸುವುದು ಆಗಿನಿಂದ ಸಾಧ್ಯವಾಯಿತು. ಇಂದು ಗಾತ್ರ ಬದಲಾವಣೆ ಎಂದು ಕರೆಯುವ ಕ್ರಿಯೆಯ ತಿರುಳು ಇಷ್ಟೇ.

ಎಷ್ಟು ಗಾತ್ರ ಬೇಕು?

ಸರ್ವರಿನ ಗಾತ್ರವನ್ನು ಕಾರ್ಖಾನೆಯ ಮಂಜೂರಾದ ವಿದ್ಯುತ್ ಹೊರೆಗೆ ಹೋಲಿಸಬಹುದು. ಹೊರೆಗೆ ತಕ್ಕಂತೆ ನಿಗದಿತ ಶುಲ್ಕ ಬರುತ್ತದೆ. ಯಂತ್ರಗಳು ಓಡಿದರೂ ಓಡದಿದ್ದರೂ ಅದನ್ನು ಕಟ್ಟಲೇಬೇಕು. ಸರ್ವರಿನ ವಿಷಯದಲ್ಲಿಯೂ ಬಾಡಿಗೆಯು ಪಡೆದ ಗಾತ್ರಕ್ಕೇ ಹೊರತು ಬಳಸಿದ ಪ್ರಮಾಣಕ್ಕಲ್ಲ. ಒಂದೇ ಶ್ರೇಣಿಯಲ್ಲಿ ಒಂದು ಮೆಟ್ಟಿಲು ಮೇಲೇರಿದರೆ ಸಾಮಾನ್ಯವಾಗಿ ಮೆಮೊರಿಯೂ ಎರಡರಷ್ಟು, ಬಾಡಿಗೆಯೂ ಎರಡರಷ್ಟು. ವಿದ್ಯುತ್ ಹೊರೆಯನ್ನು ಬದಲಿಸಲು ಅರ್ಜಿ ಹಾಕಿ ಕಾಯಬೇಕು. ಸರ್ವರಿನ ಗಾತ್ರವನ್ನು ಕೆಲವೇ ನಿಮಿಷಗಳಲ್ಲಿ ಬದಲಿಸಬಹುದು ಎಂಬುದೇ ವ್ಯತ್ಯಾಸ.

ಸರ್ವರ್ ನಿಧಾನವಾಗಿದೆ ಎಂಬ ದೂರು ಬಂದೊಡನೆ ದೊಡ್ಡ ಗಾತ್ರಕ್ಕೆ ಹೋಗುವುದು ಆತುರದ ಕ್ರಮ. ಕೊರತೆ ಯಾವುದರದೆಂದು ಮೊದಲು ನೋಡಬೇಕು. ಮೆಮೊರಿ ತುಂಬಿ ಡಿಸ್ಕನ್ನು ತಾತ್ಕಾಲಿಕ ಮೆಮೊರಿಯಾಗಿ ಬಳಸುವ ಸ್ಥಿತಿ ಬಂದಿದ್ದರೆ, ಎಷ್ಟು ಪ್ರೊಸೆಸರ್ ಸೇರಿಸಿದರೂ ಪ್ರಯೋಜನವಾಗದು. ಇಲ್ಲಿ ಒಂದು ತೊಡಕಿದೆ. ಅಮೆಜಾನ್ ಸೇವೆಯ ಮಾಪನ ಪಟ್ಟಿಯಲ್ಲಿ ಪ್ರೊಸೆಸರ್ ಬಳಕೆ ತಾನಾಗಿಯೇ ಕಾಣಿಸುತ್ತದೆ. ಮೆಮೊರಿ ಬಳಕೆ ಕಾಣಿಸಬೇಕಾದರೆ ಸರ್ವರಿನೊಳಗೆ ಪ್ರತ್ಯೇಕ ತಂತ್ರಾಂಶವನ್ನು ಹಾಕಬೇಕು. ಆದ್ದರಿಂದ ಪಟ್ಟಿಯಲ್ಲಿ ಕಂಡ ಒಂದೇ ರೇಖೆಯನ್ನು ನಂಬಿ ನಿರ್ಧರಿಸುವುದು ಸರಿಯಲ್ಲ. ಅಳತೆಯೂ ಒಂದು ದಿನದ್ದಾದರೆ ಸಾಲದು. ಜಿಎಸ್‌ಟಿಆರ್-1 ಸಲ್ಲಿಸಬೇಕಾದ 11ನೇ ತಾರೀಖು ಮತ್ತು ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಾದ 20ನೇ ತಾರೀಖು, ಮಾಸಿಕ ವಿವರಣೆ ಸಲ್ಲಿಸುವ ವರ್ತಕರ ಸರ್ವರಿಗೆ ಹೊರೆ ಹೆಚ್ಚುವ ದಿನಗಳು. ಈ ಎರಡನ್ನೂ ಒಳಗೊಂಡ ಇಡೀ ತಿಂಗಳ ಅಂಕಿಗಳನ್ನು ನೋಡಬೇಕು.

ಬೆಳಿಗ್ಗೆ ಚುರುಕು, ಮಧ್ಯಾಹ್ನ ಮಂದ

ಕೆಲವು ಸರ್ವರುಗಳು ಬೆಳಿಗ್ಗೆ ಚೆನ್ನಾಗಿ ಓಡಿ ಮಧ್ಯಾಹ್ನದ ನಂತರ ಕುಂಟತೊಡಗುತ್ತವೆ. ತಂತ್ರಾಂಶದ ದೋಷವೆಂದೋ ಅಂತರ್ಜಾಲ ಸಂಪರ್ಕದ ದೋಷವೆಂದೋ ಇದನ್ನು ಭಾವಿಸಲಾಗುತ್ತದೆ. ಅನೇಕ ವೇಳೆ ಕಾರಣವು ಪಡೆದ ಯಂತ್ರದ ಶ್ರೇಣಿಯಲ್ಲಿಯೇ ಇರುತ್ತದೆ.

ಕಡಿಮೆ ಬಾಡಿಗೆಯ ಶ್ರೇಣಿಗಳಲ್ಲಿ ಪ್ರೊಸೆಸರಿನ ಪೂರ್ಣ ಸಾಮರ್ಥ್ಯವನ್ನು ನಿರಂತರವಾಗಿ ಕೊಡುವುದಿಲ್ಲ. ಅಮೆಜಾನ್‌ನ ಟಿ3 ಮೀಡಿಯಂ ಯಂತ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರಲ್ಲಿ 2 ವರ್ಚುವಲ್ ಪ್ರೊಸೆಸರ್ ಮತ್ತು 4 ಗಿಗಾಬೈಟ್ ಮೆಮೊರಿ ಇವೆ. ಪ್ರತಿ ಪ್ರೊಸೆಸರಿನ ಶೇ 20ರಷ್ಟು ಸಾಮರ್ಥ್ಯ ಮಾತ್ರ ಸದಾ ಲಭ್ಯ. ಅದಕ್ಕಿಂತ ಕಡಿಮೆ ಬಳಸಿದಾಗ ಉಳಿದದ್ದು ಕ್ರೆಡಿಟ್ ಎಂಬ ಹೆಸರಿನಲ್ಲಿ ಜಮೆಯಾಗುತ್ತದೆ. ಹೆಚ್ಚು ಬಳಸಿದಾಗ ಆ ಜಮೆಯಿಂದ ಖರ್ಚಾಗುತ್ತದೆ. ಒಂದು ಪ್ರೊಸೆಸರ್ ಒಂದು ನಿಮಿಷ ಪೂರ್ಣವಾಗಿ ದುಡಿದರೆ ಒಂದು ಕ್ರೆಡಿಟ್ ಖರ್ಚು. ಈ ಯಂತ್ರಕ್ಕೆ ಗಂಟೆಗೆ 24 ಕ್ರೆಡಿಟ್ ದೊರೆಯುತ್ತದೆ. ಗರಿಷ್ಠ ಜಮೆ 24 ಗಂಟೆಗಳ ಗಳಿಕೆ, ಅಂದರೆ 576.

ಈಗ ಲೆಕ್ಕ ಹಾಕಬಹುದು. ಎರಡೂ ಪ್ರೊಸೆಸರುಗಳು ಪೂರ್ಣವಾಗಿ ದುಡಿದರೆ ಗಂಟೆಗೆ ಖರ್ಚು 120, ಜಮೆ 24, ನಿವ್ವಳ ಇಳಿಕೆ 96. ತುಂಬಿದ ಜಮೆಯು 6 ಗಂಟೆಗಳಲ್ಲಿ ಬರಿದಾಗುತ್ತದೆ. ಬೆಳಿಗ್ಗೆ 9ಕ್ಕೆ ಕೆಲಸ ಆರಂಭಿಸಿದ ಕಚೇರಿಯಲ್ಲಿ ಸರ್ವರ್ ಮಧ್ಯಾಹ್ನ 3ರ ಹೊತ್ತಿಗೆ ಶೇ 20ರ ಮಟ್ಟಕ್ಕೆ ಇಳಿಯುತ್ತದೆ. ರಾತ್ರಿ 8ರಿಂದ ಬೆಳಿಗ್ಗೆ 9ರವರೆಗೆ ಬಿಡುವಿದ್ದರೆ 13 ಗಂಟೆಗಳಲ್ಲಿ ಹೆಚ್ಚೆಂದರೆ 312 ಕ್ರೆಡಿಟ್ ಸೇರುತ್ತದೆ. ಮರುದಿನವೂ ಅದೇ ಹೊರೆ ಬಿದ್ದರೆ ಆ ಜಮೆ ಸುಮಾರು ಮೂರೂಕಾಲು ಗಂಟೆಗೆ ಸಾಕು. ಅಂದು ನಿಧಾನಗತಿ ಮಧ್ಯಾಹ್ನ 12ರ ಸುಮಾರಿಗೇ ಶುರು. ಎರಡನೆಯ ದಿನ ಇನ್ನೂ ಬೇಗ ಕೆಟ್ಟಿತೆಂದು ಗಾಬರಿಗೊಳ್ಳುವವರಿಗೆ ಈ ಲೆಕ್ಕವೇ ಉತ್ತರ.

ಟಿ3 ಶ್ರೇಣಿಯಲ್ಲಿ ಮಿತಿಯಿಲ್ಲದ ಬಳಕೆಯ ಆಯ್ಕೆಯೂ ಇದೆ. ಹೊಸ ಯಂತ್ರಕ್ಕೆ ಸಾಮಾನ್ಯವಾಗಿ ಅದೇ ಅನ್ವಯವಾಗಿರುತ್ತದೆ. ಆಗ ವೇಗ ಇಳಿಯುವುದಿಲ್ಲ, ಬದಲಾಗಿ ಸರಾಸರಿ ಬಳಕೆ ಮಿತಿ ದಾಟಿದರೆ ಬಿಲ್ಲಿನಲ್ಲಿ ಹೆಚ್ಚುವರಿ ಮೊತ್ತ ಸೇರುತ್ತದೆ. ಯಾವ ಆಯ್ಕೆ ಜಾರಿಯಲ್ಲಿದೆ ಎಂಬುದನ್ನು ತಂತ್ರಜ್ಞರಿಂದ ಕೇಳಿ ತಿಳಿಯಬೇಕು. ಪ್ರತಿದಿನವೂ ಜಮೆ ಬರಿದಾಗುತ್ತಿದ್ದಲ್ಲಿ ಮೇಲಿನ ಗಾತ್ರವೋ, ನಿರಂತರ ಸಾಮರ್ಥ್ಯದ ಬೇರೆ ಶ್ರೇಣಿಯೋ ಬೇಕೆಂದು ಅರ್ಥ.

ಏರಿಸುವುದು, ಇಳಿಸುವುದು

ಗಾತ್ರ ಬದಲಾವಣೆಯ ಲಾಭವನ್ನು ಪಡೆಯುವವರು ಏರಿಸುವುದರಷ್ಟೇ ಇಳಿಸುವುದನ್ನೂ ನೆನಪಿಡಬೇಕು. ತಿಂಗಳಲ್ಲಿ 6 ದಿನ ಮಾತ್ರ ಎರಡರಷ್ಟು ಗಾತ್ರ ಬೇಕಾದ ಸಂಸ್ಥೆಯೊಂದನ್ನು ಊಹಿಸಿಕೊಳ್ಳಬಹುದು. ಸಣ್ಣ ಗಾತ್ರದ ದಿನದ ಬಾಡಿಗೆಯನ್ನು ಒಂದು ಎಂದಿಟ್ಟುಕೊಂಡರೆ, ತಿಂಗಳಿಡೀ ದೊಡ್ಡ ಗಾತ್ರಕ್ಕೆ 60 ಆಗುತ್ತದೆ. 24 ದಿನ ಸಣ್ಣದು, 6 ದಿನ ದೊಡ್ಡದು ಇಟ್ಟುಕೊಂಡರೆ 36. ಇದು ಯಂತ್ರದ ಬಾಡಿಗೆ ಮಾತ್ರ. ಡಿಸ್ಕಿನ ಬಾಡಿಗೆ ಎರಡರಲ್ಲಿಯೂ ಒಂದೇ. ಆದರೆ ಒಂದೇ ಒಂದು ಸಣ್ಣ ಸರ್ವರ್ ಇರುವ ಸಂಸ್ಥೆಗೆ ಈ ಉಳಿತಾಯವು ತಂತ್ರಜ್ಞರ ಶುಲ್ಕಕ್ಕೂ ಸಾಲದೆ ಹೋಗಬಹುದು. ಅಂತಹವರು ಪ್ರತಿ ತಿಂಗಳು ಏರಿಳಿಸುವ ಬದಲು, ವರ್ಷಾಂತ್ಯದ ಮಾರ್ಚ್-ಏಪ್ರಿಲ್ ಅವಧಿಗೆ ಏರಿಸಿ ಮೇ ತಿಂಗಳಲ್ಲಿ ಇಳಿಸುವುದೇ ವಿವೇಕ.

ರಾತ್ರಿ ಸರ್ವರನ್ನು ನಿಲ್ಲಿಸಿಡುವುದು ಇನ್ನೊಂದು ಉಳಿತಾಯ ಮಾರ್ಗ. ತಿಂಗಳಿಗೆ ಸುಮಾರು 730 ಗಂಟೆ. ದಿನಕ್ಕೆ 11 ಗಂಟೆಯಂತೆ 26 ದಿನ ಕೆಲಸವಿದ್ದರೆ ಬೇಕಾಗುವುದು 286 ಗಂಟೆ ಮಾತ್ರ. ಆದರೆ ನಿಂತ ಯಂತ್ರಕ್ಕೆ ಮೇಲೆ ಹೇಳಿದ ಕ್ರೆಡಿಟ್ ಜಮೆಯಾಗುವುದಿಲ್ಲ ಎಂಬುದನ್ನು ಮರೆಯಬಾರದು. ನಿಲ್ಲಿಸುವುದರ ಅರ್ಥವೂ ಎಲ್ಲ ಸೇವೆಗಳಲ್ಲಿ ಒಂದೇ ಅಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯ ಅಜೂರ್ ಸೇವೆಯಲ್ಲಿ ವಿಂಡೋಸ್ ಒಳಗಿನಿಂದಲೇ ಶಟ್‌ಡೌನ್ ಮಾಡಿದರೆ ಯಂತ್ರ ನಿಲ್ಲುತ್ತದೆ, ಬಾಡಿಗೆ ನಿಲ್ಲುವುದಿಲ್ಲ. ಅಜೂರ್ ನಿಯಂತ್ರಣ ಪುಟದಿಂದ ನಿಲ್ಲಿಸಿ ಯಂತ್ರವನ್ನು ಬಿಟ್ಟುಕೊಟ್ಟಾಗಲೇ ಬಾಡಿಗೆ ನಿಲ್ಲುತ್ತದೆ. 2016ರಿಂದ ಬೆಂಗಳೂರಿನಲ್ಲಿಯೂ ಕೇಂದ್ರ ಹೊಂದಿರುವ ಡಿಜಿಟಲ್ ಓಷನ್ ಸೇವೆಯಲ್ಲಿ ಆರಿಸಿಟ್ಟ ಸರ್ವರಿಗೂ ಬಾಡಿಗೆ ನಡೆಯುತ್ತದೆ. ಅಲ್ಲಿ ಉಳಿಸಬೇಕಾದರೆ ಸ್ನ್ಯಾಪ್‌ಶಾಟ್ ತೆಗೆದು ಸರ್ವರನ್ನೇ ಅಳಿಸಬೇಕು. ಒಂದು ಅಥವಾ ಮೂರು ವರ್ಷದ ಮುಂಗಡ ಒಪ್ಪಂದದ ರಿಯಾಯಿತಿ ಪಡೆದವರು ಗಾತ್ರ ಬದಲಿಸುವ ಮುನ್ನ ಆ ರಿಯಾಯಿತಿ ಹೊಸ ಗಾತ್ರಕ್ಕೂ ಅನ್ವಯಿಸುವುದೇ ಎಂದು ಒಪ್ಪಂದವನ್ನು ಓದಿ ನೋಡಬೇಕು.

ಡಿಸ್ಕಿನ ಮಾತು ಬೇರೆ. ಅಮೆಜಾನ್‌ನಲ್ಲಿ ಡಿಸ್ಕನ್ನು ಹಿಗ್ಗಿಸಬಹುದು, ಕುಗ್ಗಿಸಲಾಗದು. ಡಿಜಿಟಲ್ ಓಷನ್‌ನಲ್ಲಿ ಮೆಮೊರಿ ಮತ್ತು ಪ್ರೊಸೆಸರುಗಳನ್ನಷ್ಟೇ ಏರಿಸಿದ್ದರೆ ಮತ್ತೆ ಇಳಿಸಬಹುದು. ಜೊತೆಗೆ ಡಿಸ್ಕನ್ನೂ ಏರಿಸಿದ್ದರೆ ಹಿಂದಿರುಗುವ ದಾರಿಯಿಲ್ಲ. ಆದ್ದರಿಂದ ಡಿಸ್ಕನ್ನು ಅಗತ್ಯ ಬಿದ್ದಾಗ ಸ್ವಲ್ಪಸ್ವಲ್ಪವೇ ಹಿಗ್ಗಿಸುವುದು ಲೇಸು. ಹಿಗ್ಗಿಸಿದ ನಂತರ ಕಾರ್ಯಾಚರಣ ವ್ಯವಸ್ಥೆಯೊಳಗೂ ವಿಭಾಗವನ್ನು ವಿಸ್ತರಿಸಬೇಕು. ಇಲ್ಲವಾದರೆ ಹೊಸ ಜಾಗಕ್ಕೆ ಬಾಡಿಗೆ ಬೀಳುತ್ತದೆ, ಬಳಕೆಗೆ ಬರುವುದಿಲ್ಲ.

ಬದಲಾವಣೆಯ ದಿನ

ಗಾತ್ರ ಬದಲಿಸುವುದಕ್ಕೆ ರಜೆಯ ದಿನವನ್ನೋ ಸಂಜೆಯ ಹೊತ್ತನ್ನೋ ಆರಿಸಿಕೊಳ್ಳಬೇಕು. ಎಲ್ಲ ಬಳಕೆದಾರರೂ ತಂತ್ರಾಂಶದಿಂದ ಹೊರಬಂದುದನ್ನು ಖಚಿತಪಡಿಸಿಕೊಂಡು, ಮೊದಲು ಲೆಕ್ಕಪತ್ರ ತಂತ್ರಾಂಶದೊಳಗಿನಿಂದಲೇ ಬ್ಯಾಕಪ್ ತೆಗೆಯಬೇಕು. ಆನಂತರ ಸರ್ವರನ್ನು ನಿಲ್ಲಿಸಿ ಇಮೇಜ್ ತೆಗೆಯಬೇಕು. ಓಡುತ್ತಿರುವ ಸರ್ವರಿನಿಂದಲೂ ಇಮೇಜ್ ತೆಗೆಯಬಹುದಾದರೂ, ಅರ್ಧ ಬರೆದ ನಮೂದು ಹಾಗೆಯೇ ಪ್ರತಿಯಾಗುವ ಅಪಾಯವಿದೆ. ಅಮೆಜಾನ್ ವ್ಯವಸ್ಥೆಯು ಇದೇ ಕಾರಣಕ್ಕಾಗಿ, ಬೇಡವೆಂದು ಹೇಳದಿದ್ದಲ್ಲಿ, ಇಮೇಜ್ ತೆಗೆಯುವಾಗ ಯಂತ್ರವನ್ನು ಮರು ಆರಂಭಿಸುತ್ತದೆ. ಕೆಲಸದ ನಡುವೆ ಇಮೇಜ್ ತೆಗೆಯಲು ಹೋಗಿ ಬಿಲ್ಲಿಂಗ್ ಕೌಂಟರ್ ನಿಂತುಹೋಗುವುದು ಹೀಗೆ. ಇಮೇಜ್ ಸಿದ್ಧವಾದ ಮೇಲೆ ಗಾತ್ರ ಬದಲಿಸಿ ಆರಂಭಿಸುವುದು ಅಲ್ಪ ಹೊತ್ತಿನ ಕೆಲಸ.

ಹೊಸ ಗಾತ್ರ ಹೊಂದದಿದ್ದಲ್ಲಿ ಹಳೆಯ ಗಾತ್ರಕ್ಕೆ ಮರಳಿದರೆ ಸಾಕು, ಇಮೇಜನ್ನು ಮುಟ್ಟಬೇಕಿಲ್ಲ. ಡಿಸ್ಕಿಗೇ ಹಾನಿಯಾಗಿದ್ದಾಗ ಮಾತ್ರ ಇಮೇಜಿನ ಮೊರೆ ಹೋಗಬೇಕು. ಏಕೆಂದರೆ ಇಮೇಜಿಗೆ ಮರಳಿದೊಡನೆ ಅದನ್ನು ತೆಗೆದ ನಂತರದ ಎಲ್ಲ ನಮೂದುಗಳೂ ಇಲ್ಲವಾಗುತ್ತವೆ. ಇಂಟೆಲ್ ಮಾದರಿಯ ಪ್ರೊಸೆಸರಿಗಾಗಿ ತಯಾರಾದ ಇಮೇಜ್ ಆರ್ಮ್ ಮಾದರಿಯ ಯಂತ್ರದಲ್ಲಿ ಓಡದು. ಬಾಡಿಗೆ ಕಡಿಮೆಯೆಂದು ಆ ಶ್ರೇಣಿಗೆ ಹೋಗಬಯಸುವವರು ಇದನ್ನು ಗಮನಿಸಬೇಕು.

ಸರ್ವರ್ ಮತ್ತೆ ಆರಂಭವಾದ ಮೇಲೆ ಐಪಿ ವಿಳಾಸವನ್ನು ನೋಡಬೇಕು. ಅಮೆಜಾನ್‌ನಲ್ಲಿ ಸ್ಥಿರ ವಿಳಾಸವನ್ನು ಕಾದಿರಿಸಿಕೊಂಡಿರದಿದ್ದರೆ, ನಿಲ್ಲಿಸಿ ಆರಂಭಿಸಿದಾಗ ಸಾರ್ವಜನಿಕ ವಿಳಾಸ ಬದಲಾಗುತ್ತದೆ. ಶಾಖೆಗಳಿಂದ ಸಂಪರ್ಕ ಸಿಗುವುದಿಲ್ಲ. ಇ-ಇನ್‌ವಾಯ್ಸ್ ವ್ಯವಸ್ಥೆಗೆ ತಂತ್ರಾಂಶದ ಮೂಲಕ ನೇರ ಸಂಪರ್ಕ ಪಡೆದ ಸಂಸ್ಥೆಗಳಿಗೆ ತೊಂದರೆ ಇನ್ನೂ ಹೆಚ್ಚು; ಅಲ್ಲಿ ಮೊದಲೇ ನೋಂದಾಯಿಸಿದ ವಿಳಾಸದಿಂದ ಮಾತ್ರ ಪ್ರವೇಶವಿರುತ್ತದೆ. 2024ರ ಫೆಬ್ರುವರಿ 1ರಿಂದ ಅಮೆಜಾನ್ ಇಂತಹ ಪ್ರತಿ ಸಾರ್ವಜನಿಕ ವಿಳಾಸಕ್ಕೂ ಶುಲ್ಕ ವಿಧಿಸುತ್ತಿದೆ. ಕೆಲವು ತಂತ್ರಾಂಶಗಳ ಪರವಾನಗಿಯು ಯಂತ್ರದ ಗುರುತಿಗೆ ಕಟ್ಟುಬಿದ್ದಿರುವುದರಿಂದ ಅದನ್ನು ಮರು ಸಕ್ರಿಯಗೊಳಿಸಬೇಕಾಗಿ ಬರಬಹುದು. ಒಂದು ಬಿಲ್ಲನ್ನು ಮುದ್ರಿಸಿ ನೋಡಿದ ಮೇಲೆಯೇ ತಂತ್ರಜ್ಞರನ್ನು ಕಳುಹಿಸಿಕೊಡುವುದು ಒಳಿತು.

ಇಮೇಜುಗಳ ದಾಖಲೆ

ಇಮೇಜ್ ತೆಗೆಯುವುದು ಸುಲಭವಾದ್ದರಿಂದಲೇ ಅವು ರಾಶಿ ಬೀಳುತ್ತವೆ. ‘ಹೊಸದು’, ‘ಹೊಸದು 2’, ‘ಕೊನೆಯದು’ ಎಂಬಂತಹ ಹೆಸರುಗಳಿಂದ ಆರು ತಿಂಗಳ ನಂತರ ಏನೂ ತಿಳಿಯದು. ದಿನಾಂಕ, ಸರ್ವರಿನ ಹೆಸರು, ಏಕೆ ತೆಗೆಯಲಾಯಿತು, ಎಂದಿನವರೆಗೆ ಇಡಬೇಕು ಎಂಬ ನಾಲ್ಕು ವಿವರಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ಸ್ನ್ಯಾಪ್‌ಶಾಟುಗಳಲ್ಲಿ ಮೊದಲನೆಯದು ಪೂರ್ಣ ಪ್ರತಿ. ನಂತರದವು ಬದಲಾದ ಭಾಗವನ್ನು ಮಾತ್ರ ಶೇಖರಿಸುತ್ತವೆ. ನಡುವಿನದೊಂದನ್ನು ಅಳಿಸಿದರೂ ಅಮೆಜಾನ್‌ನಲ್ಲಿ ಉಳಿದವುಗಳಿಗೆ ಧಕ್ಕೆಯಿಲ್ಲ. ಅಲ್ಲಿ ಇಮೇಜನ್ನು ಪಟ್ಟಿಯಿಂದ ತೆಗೆದಾಗ, ಜೊತೆಗೇ ಅಳಿಸುವಂತೆ ಸೂಚಿಸದಿದ್ದರೆ, ಅದರ ಸ್ನ್ಯಾಪ್‌ಶಾಟುಗಳು ಉಳಿದುಬಿಡುತ್ತವೆ. ಪಟ್ಟಿ ಚೊಕ್ಕಟವಾಗಿ ಕಂಡರೂ ಬಿಲ್ಲು ಇಳಿಯದಿರುವುದಕ್ಕೆ ಇದೊಂದು ಸಾಮಾನ್ಯ ಕಾರಣ.

ಹಳೆಯ ಇಮೇಜಿನೊಂದಿಗೆ ಹಳೆಯ ಲೋಪಗಳೂ ಮರಳಿ ಬರುತ್ತವೆ. 2017ರ ಮೇ ತಿಂಗಳಲ್ಲಿ ಹಲವು ದೇಶಗಳ ಗಣಕಯಂತ್ರಗಳನ್ನು ಬಾಧಿಸಿದ ವಾನಾಕ್ರೈ ಕುತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚ್‌ನಲ್ಲಿಯೇ ತಡೆಯನ್ನು ಒದಗಿಸಿತ್ತು. ಅದಕ್ಕೂ ಮುಂಚೆ ತೆಗೆದ ವಿಂಡೋಸ್ ಇಮೇಜನ್ನು ಇಂದು ಆರಂಭಿಸಿದರೆ ಆ ತಡೆ ಅದರಲ್ಲಿರುವುದಿಲ್ಲ. ಆದಕಾರಣ ಹಳೆಯ ಇಮೇಜಿನಿಂದ ಆರಂಭಿಸಿದ ಯಂತ್ರವನ್ನು ತಿದ್ದುಪಡಿಗಳನ್ನು ಹಾಕುವವರೆಗೂ ಅಂತರ್ಜಾಲಕ್ಕೆ ತೆರೆದಿಡಬಾರದು. ಇಮೇಜಿನೊಳಗೆ ಗುಪ್ತಪದಗಳೂ ಉಳಿದಿರುತ್ತವೆಂಬ ಕಾರಣಕ್ಕೆ ಅದನ್ನು ಹೊರಗಿನವರೊಂದಿಗೆ ಹಂಚಿಕೊಳ್ಳುವುದೂ ತರವಲ್ಲ.

ಒಂದೇ ಬೀಗದ ಕೈಯಲ್ಲಿ ಎಲ್ಲವೂ

2014ರ ಜೂನ್‌ನಲ್ಲಿ ಕೋಡ್ ಸ್ಪೇಸಸ್ ಎಂಬ ತಂತ್ರಾಂಶ ಸೇವಾ ಸಂಸ್ಥೆಗೆ ಆದ ಗತಿಯನ್ನು ಸಣ್ಣ ಉದ್ಯಮಿಗಳು ತಿಳಿದಿರಬೇಕು. ಅಪರಿಚಿತನೊಬ್ಬನು ಆ ಸಂಸ್ಥೆಯ ಅಮೆಜಾನ್ ನಿಯಂತ್ರಣ ಪುಟಕ್ಕೆ ಪ್ರವೇಶ ಪಡೆದು ಹಣಕ್ಕೆ ಬೇಡಿಕೆಯಿಟ್ಟನು. ಸಂಸ್ಥೆಯು ಖಾತೆಯನ್ನು ಹಿಡಿತಕ್ಕೆ ತರಲು ಯತ್ನಿಸಿದಾಗ ಡಿಸ್ಕುಗಳನ್ನೂ ಸ್ನ್ಯಾಪ್‌ಶಾಟುಗಳನ್ನೂ ಇಮೇಜುಗಳನ್ನೂ ಅಳಿಸತೊಡಗಿದನು. ಯಂತ್ರಗಳೂ ಅವುಗಳ ಪ್ರತಿಗಳೂ ಒಂದೇ ಖಾತೆಯ ಹಿಡಿತದಲ್ಲಿದ್ದುದರಿಂದ ಬಹುಪಾಲು ದತ್ತಾಂಶ ನಾಶವಾಯಿತು. ಸಂಸ್ಥೆ ಮುಚ್ಚಿಹೋಯಿತು.

ಪ್ರತಿಯನ್ನು ಪರೀಕ್ಷಿಸದಿದ್ದರೆ ಏನಾಗುವುದೆಂಬುದಕ್ಕೆ 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ನಡೆದ ಪ್ರಸಂಗ ನಿದರ್ಶನ. ದುರಸ್ತಿಯ ವೇಳೆ ತಪ್ಪಿ ಮುಖ್ಯ ದತ್ತಾಂಶ ಕಡತಗಳೇ ಅಳಿಸಿಹೋದವು. ನಿತ್ಯದ ಬ್ಯಾಕಪ್ ಬಹುದಿನಗಳಿಂದ ವಿಫಲವಾಗುತ್ತಿದ್ದುದು ಯಾರ ಗಮನಕ್ಕೂ ಬಂದಿರಲಿಲ್ಲ; ದತ್ತಾಂಶದ ಸರ್ವರುಗಳಿಗೆ ಡಿಸ್ಕ್ ಸ್ನ್ಯಾಪ್‌ಶಾಟ್ ವ್ಯವಸ್ಥೆ ಚಾಲ್ತಿಯಲ್ಲಿರಲಿಲ್ಲ. ಬೇರೆ ಕೆಲಸಕ್ಕಾಗಿ ಸುಮಾರು ಆರು ಗಂಟೆಗಳ ಮುಂಚೆ ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಅವರನ್ನು ಉಳಿಸಿತು. ಆ ನಡುವಿನ ನಮೂದುಗಳು ಮರಳಿ ಸಿಗಲಿಲ್ಲ. ದೊಡ್ಡ ತಂತ್ರಜ್ಞರ ತಂಡವಿರುವಲ್ಲಿಯೇ ಹೀಗಾದರೆ ಸಣ್ಣ ಕಚೇರಿಗಳು ಮೂರು ತಿಂಗಳಿಗೊಮ್ಮೆಯಾದರೂ ಇಮೇಜಿನಿಂದ ತಾತ್ಕಾಲಿಕ ಯಂತ್ರವೊಂದನ್ನು ಆರಂಭಿಸಿ, ಲೆಕ್ಕಪತ್ರ ತೆರೆದುಕೊಳ್ಳುವುದೇ ಎಂದು ನೋಡಿ, ಬಳಿಕ ಅದನ್ನು ಅಳಿಸುವುದು ಅಗತ್ಯ. ಕೆಲವು ಗಂಟೆಗಳ ಬಾಡಿಗೆಯಷ್ಟೇ ಇದರ ಖರ್ಚು.

ಕಟ್ಟಡವೇ ಇಲ್ಲವಾಗುವ ಸಂದರ್ಭವೂ ಉಂಟು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್‌ಕ್ಲೌಡ್ ಸಂಸ್ಥೆಯ ಒಂದು ದತ್ತಾಂಶ ಕೇಂದ್ರ ಬೆಂಕಿಗೆ ಆಹುತಿಯಾದಾಗ, ಬೇರೆಡೆ ಪ್ರತಿ ಇಟ್ಟುಕೊಳ್ಳದ ಗ್ರಾಹಕರು ದತ್ತಾಂಶವನ್ನು ಕಳೆದುಕೊಂಡರು. ಭಾರತದೊಳಗೇ ಎರಡು ಊರುಗಳಲ್ಲಿ ಪ್ರತಿ ಇಡುವುದು ಈಗ ಕಷ್ಟವಲ್ಲ. ಅಮೆಜಾನ್‌ಗೆ 2016ರಿಂದ ಮುಂಬೈಯಲ್ಲಿಯೂ 2022ರಿಂದ ಹೈದರಾಬಾದಿನಲ್ಲಿಯೂ ಕೇಂದ್ರಗಳಿವೆ. ಅಜೂರ್ ಸೇವೆಗೆ ಪುಣೆ ಮತ್ತು ಚೆನ್ನೈಗಳಲ್ಲಿವೆ. ತಿಂಗಳಿಗೊಂದು ಇಮೇಜನ್ನು ಎರಡನೆಯ ಊರಿಗೆ, ಸಾಧ್ಯವಾದರೆ ಬೇರೆ ಗುಪ್ತಪದದ ಪ್ರತ್ಯೇಕ ಖಾತೆಗೆ ನಕಲಿಸಬೇಕು.

ಕಾನೂನಿನ ಅಗತ್ಯ

ಕಂಪನಿಗಳ (ಲೆಕ್ಕಪತ್ರ) ನಿಯಮಗಳಿಗೆ 2022ರ ಆಗಸ್ಟ್‌ನಲ್ಲಿ ಮಾಡಿದ ತಿದ್ದುಪಡಿಯಂತೆ, ವಿದ್ಯುನ್ಮಾನ ರೂಪದ ಲೆಕ್ಕಪುಸ್ತಕಗಳ ಬ್ಯಾಕಪ್ ಅನ್ನು ಭಾರತದೊಳಗಿನ ಸರ್ವರಿನಲ್ಲಿ ಪ್ರತಿದಿನವೂ ಇಡಬೇಕು. ಇದು ಕಂಪನಿಗಳಿಗೆ ಅನ್ವಯ. ಮಾಲೀಕತ್ವ ಮತ್ತು ಪಾಲುದಾರಿಕೆ ಸಂಸ್ಥೆಗಳಿಗಲ್ಲ. ಜಿಎಸ್‌ಟಿ ನೋಂದಾಯಿತರೆಲ್ಲರೂ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಣೆ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕು. ತಿಂಗಳಿಗೊಂದು ಇಮೇಜ್ ಈ ನಿತ್ಯದ ಬ್ಯಾಕಪ್ಪಿಗೆ ಬದಲಿಯಲ್ಲ. ಆದರೆ ಹಳೆಯ ವರ್ಷದ ಲೆಕ್ಕವನ್ನು ತೆರೆಯಲು ಹಳೆಯ ಆವೃತ್ತಿಯ ತಂತ್ರಾಂಶವೇ ಬೇಕಾದಾಗ, ವರ್ಷಾಂತ್ಯದ ಇಮೇಜ್ ನೆರವಿಗೆ ಬರುತ್ತದೆ. ಮಾರ್ಚ್ 31ರ ಲೆಕ್ಕ ಮುಗಿದ ಮೇಲೆ ತೆಗೆದ ಇಮೇಜನ್ನು ‘ಅಳಿಸಬಾರದು’ ಎಂದು ಪುಸ್ತಕದಲ್ಲಿ ಗುರುತಿಸಿ 72 ತಿಂಗಳ ಅವಧಿ ಮುಗಿಯುವ ದಿನಾಂಕವನ್ನೂ ಬರೆದಿಡಬೇಕು.

ಈ ಎಲ್ಲಕ್ಕೂ ಮೊದಲು ಖಾತೆ ಯಾರ ಹೆಸರಿನಲ್ಲಿದೆ ಎಂಬುದನ್ನು ನೋಡುವುದು ಅಗತ್ಯ. ತಂತ್ರಜ್ಞರು ತಮ್ಮದೇ ಇ-ಮೇಲ್ ವಿಳಾಸದಿಂದ ಖಾತೆ ತೆರೆದುಕೊಟ್ಟಿದ್ದರೆ ಸರ್ವರೂ ಇಮೇಜುಗಳೂ ಅವರ ಕೈಯಲ್ಲಿಯೇ ಇರುತ್ತವೆ. ಮುಖ್ಯ ಖಾತೆಯು ಸಂಸ್ಥೆಯ ಇ-ಮೇಲ್ ವಿಳಾಸದಲ್ಲಿದ್ದು, ಅದರ ಎರಡನೆಯ ಹಂತದ ಸಂಕೇತವು ಮಾಲೀಕರ ಮೊಬೈಲಿಗೆ ಬರುವಂತಿರಬೇಕು; ತಂತ್ರಜ್ಞರಿಗೆ ಇಮೇಜ್ ತೆಗೆಯುವ, ಗಾತ್ರ ಬದಲಿಸುವ ಅಧಿಕಾರವುಳ್ಳ ಉಪಖಾತೆ ಸಾಕು. ಅಳಿಸುವ ಅಧಿಕಾರವನ್ನು ಅದರಲ್ಲಿ ಕೊಡಬೇಕಿಲ್ಲ. ಸಂಸ್ಥೆಯ ಜಿಎಸ್‌ಟಿ ನೋಂದಣಿ ಸಂಖ್ಯೆಯನ್ನೂ ಖಾತೆಯಲ್ಲಿ ನಮೂದಿಸಿದ್ದರೆ, ಬಾಡಿಗೆಯ ಮೇಲೆ ತೆತ್ತ ತೆರಿಗೆಯ ಜಮೆಯನ್ನು ನಿಯಮಾನುಸಾರ ಪಡೆಯಬಹುದು.